ದೂರವಿದ್ಯೆಯೂ ಕೈವಿದ್ಯೆಯೂ

ಸಾಹಿತ್ಯವನ್ನೋ ಇತಿಹಾಸವನ್ನೋ ಕಲಿಯಬಯಸುವವನಿಗೆ ಒಳ್ಳೆಯ ಪುಸ್ತಕವೊಂದು ದೊರೆತರೆ ಅರ್ಧ ಕೆಲಸ ಆದಂತೆಯೇ ಸರಿ. ಮಿಕ್ಕರ್ಧವನ್ನು ಅವನ ಶ್ರದ್ಧೆಯೇ ನೋಡಿಕೊಳ್ಳುತ್ತದೆ. ಆದರೆ ನೀರೆತ್ತುವ ಮೋಟಾರನ್ನು ದುರಸ್ತು ಮಾಡುವುದು, ಉಕ್ಕಿಗೆ ಬೆಸುಗೆ ಹಾಕುವುದು, ಗಣಿಯಲ್ಲಿ ಮದ್ದು ತುಂಬಿ ಬಂಡೆ ಸಿಡಿಸುವುದು, ಇಂಥ ವಿದ್ಯೆಗಳನ್ನು ಗುರುವು ಒಂದೂರಿನಲ್ಲಿಯೂ ಶಿಷ್ಯನು ಮತ್ತೊಂದೂರಿನಲ್ಲಿಯೂ ಇದ್ದುಕೊಂಡು ಹೇಳಿಕೊಡುವುದಕ್ಕಾದೀತೆ? ಆದೀತಾದರೆ ಎಷ್ಟರ ಮಟ್ಟಿಗೆ? ಆಗದೆ ಉಳಿದುದನ್ನು ಏನು ಮಾಡಬೇಕು? ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂಬುದು ನಮ್ಮ ಉದ್ದೇಶ.

ಪ್ರಶ್ನೆಯು ಬರಿಯ ಗಾಳಿಯಲ್ಲಿ ತೇಲಬಾರದಾದುದರಿಂದ ಅದನ್ನು ಒಂದು ಊರಿಗೆ ಕಟ್ಟಿ ನಿಲ್ಲಿಸೋಣ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ದರೋಜಿಯೆಂಬ ಗ್ರಾಮವಿದೆ. ವಿಶಾಲವಾದ ಕೆರೆ, ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಗುಡ್ಡಗಳು, ಆ ಗುಡ್ಡಗಳಲ್ಲಿ ಕರಡಿಗಳು: ಇವು ಅಲ್ಲಿನ ಸಂಪತ್ತು. 1994ರಲ್ಲಿ ಸರ್ಕಾರವು ಅಲ್ಲಿ ಕರಡಿ ಧಾಮವನ್ನು ಘೋಷಿಸಿದ ಮೇಲೆ ಊರಿನ ಹೆಸರು ಹೊರನಾಡುಗಳಲ್ಲಿಯೂ ಕೇಳಿಬಂದಿತು. ಆ ಊರಿಗೆ ಇನ್ನೊಂದು ಕೀರ್ತಿಯೂ ಉಂಟು. 2014ರಲ್ಲಿ ತೀರಿಕೊಂಡ ಬುರ್ರಕಥೆಯ ಈರಮ್ಮನವರು ದರೋಜಿಯವರು. ಅಕ್ಷರವನ್ನು ಕಲಿಯದಿದ್ದ ಆ ತಾಯಿ ಹಿರಿಯರ ಬಾಯಿಂದ ಕೇಳಿದ ಮಹಾಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡು ರಾತ್ರಿಗಟ್ಟಲೆ ಹಾಡುತ್ತಿದ್ದರು. ವಿದ್ಯೆಗೆ ಕಟ್ಟಡವೇ ಬೇಕೆಂದು ವಾದಿಸುವವರಿಗೆ ಅವರ ಬಾಳೇ ಉತ್ತರ. ಆದರೆ ಅವರು ಕಲಿತುದು ಗುರುವಿನ ಪಕ್ಕದಲ್ಲಿ ಕುಳಿತು, ಆತ ಹಾಡಿದಾಗ ಹಾಡಿ, ತಪ್ಪಿದಾಗ ತಿದ್ದಿಸಿಕೊಂಡು ಎಂಬುದನ್ನೂ ನಾವು ಮರೆಯಬಾರದು.

ದರೋಜಿಯ ಸುತ್ತ ಇಪ್ಪತ್ತೈದು ಮೈಲಿಯೊಳಗೆ ಏನೇನಿದೆ ನೋಡಿರಿ. ಪಶ್ಚಿಮಕ್ಕೆ ಹೊಸಪೇಟೆ, ಅಲ್ಲಿ ತುಂಗಭದ್ರೆಯ ಅಣೆಕಟ್ಟು. ಒಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಇನ್ನೊಂದು ಕಡೆ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಳು. ಕಂಪ್ಲಿಯ ಕಡೆಗೆ ಬತ್ತ, ಕಬ್ಬು, ಬಾಳೆಯ ಬಯಲು. ಅಲ್ಲಿ ಹೊಲಹೊಲಕ್ಕೂ ಪಂಪುಸೆಟ್ಟು. ಇವಕ್ಕೆಲ್ಲ ಬೇಕಾದುದು ಯಂತ್ರವನ್ನು ಬಲ್ಲ ಕೈ. ಊರಿಗೆ ರೈಲು ನಿಲ್ದಾಣವೂ ಇದೆ. ಹೀಗಿದ್ದರೂ ಅಲ್ಲಿನ ಹುಡುಗನೊಬ್ಬನಿಗೆ ತಾಂತ್ರಿಕ ಶಿಕ್ಷಣ ದೂರದ ಮಾತೇಕೆ? ದೂರವನ್ನು ಅಳೆಯುವ ಕೋಲು ಮೈಲಿಗಲ್ಲೊಂದೇ ಅಲ್ಲವಾದುದರಿಂದ. ದಿನಗೂಲಿಯನ್ನು ಬಿಟ್ಟು ಬರುವ ನಷ್ಟ ಒಂದು ದೂರ. ಸಂಜೆಯ ಬಸ್ಸು ತಪ್ಪಿದರೆ ಮಗಳು ಹೇಗೆ ಬಂದಾಳು ಎಂಬ ತಾಯಿಯ ಚಿಂತೆ ಇನ್ನೊಂದು ದೂರ. ಪಾಠವೆಲ್ಲ ಇಂಗ್ಲಿಷಿನಲ್ಲಿದೆಯೆಂಬ ಹೆದರಿಕೆ ಎಲ್ಲಕ್ಕಿಂತ ದೊಡ್ಡ ದೂರ.

ವಿದ್ಯೆಯನ್ನು ಅಂಚೆಯಲ್ಲಿ ಕಳುಹಿಸುವ ಯೋಚನೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದೊಡನೆಯೇ ಐಸಾಕ್ ಪಿಟ್ಮನ್ನನು ತನ್ನ ಶೀಘ್ರಲಿಪಿಯ ಪಾಠಗಳನ್ನು ಕಾಗದದ ಮೂಲಕ ಕಲಿಸತೊಡಗಿದನು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದ ಕಥೆ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದ್ದು. ಅಲ್ಲಿನ ಕಲ್ಲಿದ್ದಲಿನ ಗಣಿಗಳಲ್ಲಿ ಅಪಘಾತಗಳು ಬಹಳವಾಗಿ, ಪ್ರಾಣಹಾನಿ ಮಿತಿಮೀರಿತ್ತು. 1885ರ ಕಾನೂನು ಗಣಿಯ ಮೇಲ್ವಿಚಾರಕರು ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂದು ವಿಧಿಸಿತು. ಹಗಲೆಲ್ಲ ನೆಲದೊಳಗೆ ದುಡಿಯುವವನು ಯಾವ ಶಾಲೆಗೆ ಹೋದಾನು? ಪತ್ರಿಕಾ ಸಂಪಾದಕನಾಗಿದ್ದ ಥಾಮಸ್ ಫಾಸ್ಟರ್ ಎಂಬಾತನು ಗಣಿಕಾರರ ಪ್ರಶ್ನೆಗಳಿಗೆ ತನ್ನ ಪತ್ರಿಕೆಯಲ್ಲಿ ಉತ್ತರ ಬರೆಯುತ್ತಿದ್ದನು. ಅದೇ ಬೆಳೆದು 1891ರಲ್ಲಿ ಸ್ಕ್ರಾಂಟನ್ ಪಟ್ಟಣದಿಂದ ಗಣಿವಿದ್ಯೆಯ ಅಂಚೆಪಾಠಗಳಾಯಿತು. ದೂರದಿಂದ ತಾಂತ್ರಿಕ ವಿದ್ಯೆಯನ್ನು ಕಲಿಸುವ ದೊಡ್ಡ ಪ್ರಯತ್ನವೊಂದು ಹುಟ್ಟಿದುದು ಹೀಗೆ, ಗಣಿಯ ಬಾಯಲ್ಲಿ, ಪ್ರಾಣಭಯದಿಂದ. ಸಂಡೂರಿನ ನೆರೆಯ ಊರೊಂದನ್ನು ಕುರಿತು ಮಾತನಾಡುವಾಗ ಇದನ್ನು ನೆನೆಯುವುದು ಉಚಿತ. ನಮ್ಮ ದೇಶದಲ್ಲಿಯೂ 1966ರ ನಿಯಮಗಳು ಗಣಿಯ ಕೆಲಸಗಾರನಿಗೆ ತರಬೇತಿ ಕೊಡಲೇಬೇಕೆಂದು ವಿಧಿಸಿವೆ.

ಅಂಚೆಯ ತರುವಾಯ ಬಂದುದು ರೇಡಿಯೋ. ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದಾಗ, ಮನೆಯ ಪಡಸಾಲೆಯೇ ಪಾಠಶಾಲೆಯಾದೀತೆಂಬ ಆಸೆ ಅನೇಕರಲ್ಲಿ ಹುಟ್ಟಿತು. ಆಸ್ಟ್ರೇಲಿಯದ ಒಳನಾಡಿನಲ್ಲಿ ನೂರಾರು ಮೈಲಿ ಅಂತರದ ಹಟ್ಟಿಗಳಲ್ಲಿದ್ದ ಮಕ್ಕಳಿಗಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಆಕಾಶಮಾರ್ಗದ ಶಾಲೆ ತೆರೆಯಿತು. ಅಲ್ಲಿ ಒಂದು ವಿಶೇಷವಿತ್ತು: ಹಾರುವ ವೈದ್ಯರಿಗಾಗಿ ಏರ್ಪಟ್ಟಿದ್ದ ರೇಡಿಯೋ ಎರಡು ಕಡೆಗೂ ಮಾತನಾಡುತ್ತಿದ್ದುದರಿಂದ, ಮಗುವು ಪ್ರಶ್ನೆ ಕೇಳಬಹುದಾಗಿತ್ತು. ನಮ್ಮ ದೇಶದಲ್ಲಿ 1956ರಲ್ಲಿ ಪುಣೆಯ ಸುತ್ತಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ರೈತರು ಗುಂಪಾಗಿ ಕುಳಿತು ಕೇಳುವುದು, ಕೇಳಿದುದನ್ನು ಚರ್ಚಿಸುವುದು, ಚರ್ಚಿಸಿದುದನ್ನು ಮಾಡಿನೋಡುವುದು, ಇದು ಅದರ ಕ್ರಮ. ಬರಿಯ ರೇಡಿಯೋ ಇದ್ದ ಹಳ್ಳಿಗಳಿಗಿಂತ, ರೇಡಿಯೋದೊಡನೆ ಚರ್ಚಾಗೋಷ್ಠಿಯೂ ಇದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತೆಂದು ಪರಿಶೀಲಕರು ಕಂಡುಕೊಂಡರು. ಕಲಿಸಿದುದು ಪೆಟ್ಟಿಗೆಯಷ್ಟೇ ಆಗಿರಲಿಲ್ಲ; ಪೆಟ್ಟಿಗೆಯ ಸುತ್ತ ನೆರೆದ ಜನರೂ ಒಬ್ಬರಿಗೊಬ್ಬರು ಕಲಿಸಿದರು.

ಮೂರನೆಯ ಹೆಜ್ಜೆಯನ್ನು ದರೋಜಿಯವರು ಹೊಳೆಯಾಚೆಗೆ ನಿಂತು ನೋಡಬಹುದಾಗಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ನಮ್ಮ ದೇಶವು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿತು. ಕರ್ನಾಟಕದಲ್ಲಿ ಆರಿಸಲ್ಪಟ್ಟುವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕಂಪ್ಲಿಯಿಂದ ತುಂಗಭದ್ರೆಯನ್ನು ದಾಟಿದರೆ ಸಿಕ್ಕುವ ಗಂಗಾವತಿಯ ಸೀಮೆ ಆಗ ರಾಯಚೂರಿಗೆ ಸೇರಿತ್ತು. ಈಚೆಯ ದಡದ ಬಳ್ಳಾರಿ ಜಿಲ್ಲೆ ಪಟ್ಟಿಯಲ್ಲಿರಲಿಲ್ಲ. ಆ ವರ್ಷ ಪ್ರಾಥಮಿಕ ಶಾಲೆಯ ಸುಮಾರು 50,000 ಉಪಾಧ್ಯಾಯರಿಗೆ ವಿಜ್ಞಾನಪಾಠದ ತರಬೇತಿಯನ್ನು ಇದೇ ಮಾರ್ಗದಲ್ಲಿ ಕೊಡಲಾಯಿತು. ಗಮನಿಸತಕ್ಕ ಅಂಶವೆಂದರೆ, ಅಲ್ಲಿಯೂ ದೂರದರ್ಶನವನ್ನು ಒಂಟಿಯಾಗಿ ಬಿಡಲಿಲ್ಲ. ರೇಡಿಯೋ, ಅಚ್ಚಿನ ಪಾಠ, ಕೈಯಾರ ಮಾಡುವ ಪ್ರಯೋಗ ಇವುಗಳನ್ನು ಅದಕ್ಕೆ ಜೊತೆಗೊಟ್ಟರು.

2004ರ ಸೆಪ್ಟೆಂಬರ್ 20ರಂದು ನಮ್ಮವರೇ ಶಿಕ್ಷಣಕ್ಕೆಂದು ಎಡುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿದರು. ಅದಕ್ಕೆ ಪೂರ್ವಭಾವಿಯಾಗಿ ಇನ್ಸಾಟ್-3ಬಿ ಮೂಲಕ ನಡೆದ ಪ್ರಯೋಗದಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಭಾಗಿಯಾಗಿತ್ತು. ಒಬ್ಬ ನುರಿತ ಅಧ್ಯಾಪಕನು ಒಂದೆಡೆ ನಿಂತು ಹೇಳಿದ ಪಾಠವನ್ನು ಬೇರೆ ಬೇರೆ ಊರುಗಳ ಇಂಜಿನಿಯರಿಂಗ್ ಕಾಲೇಜುಗಳು ಏಕಕಾಲದಲ್ಲಿ ಕೇಳಿದುವು. 2010ರಲ್ಲಿ ಆ ಉಪಗ್ರಹದ ಆಯುಸ್ಸು ಮುಗಿಯಿತು. ಅಷ್ಟರಲ್ಲಿ ಅಂತರಜಾಲವು ಬಂದಿತ್ತು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಕೂಡಿ 2003ರಲ್ಲಿ ತೊಡಗಿದ ಎನ್‌ಪಿಟಿಇಎಲ್, 2017ರಲ್ಲಿ ಬಂದ ಸ್ವಯಂ, ಇವುಗಳಿಂದ ಇಂದು ದರೋಜಿಯ ಹುಡುಗಿಯೊಬ್ಬಳು ಕೈಯಲ್ಲಿರುವ ಫೋನಿನಲ್ಲಿ ಪ್ರಖ್ಯಾತ ಪ್ರಾಧ್ಯಾಪಕರ ಉಪನ್ಯಾಸವನ್ನು ಕೇಳಬಹುದು. ಮುಂಬಯಿಯ ಐಐಟಿಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯರು ಕೈಗೊಂಡ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ನಮಗೆ ವಿಶೇಷವಾಗಿ ಮೆಚ್ಚಿಗೆಯಾದುದು. ಹತ್ತೇ ನಿಮಿಷದ ಪಾಠ. ಪರದೆಯ ಮೇಲೆ ಕಾಣುವುದು ಇಂಗ್ಲಿಷು, ಕಿವಿಗೆ ಕೇಳುವುದು ಕನ್ನಡ. ಪಾಠವನ್ನು ಸ್ವಲ್ಪ ನೋಡಿ, ನಿಲ್ಲಿಸಿ, ಪಕ್ಕದಲ್ಲಿಯೇ ತಾನೂ ಮಾಡಿನೋಡಬೇಕು. ಅಂತರಜಾಲವಿಲ್ಲದ ಊರಿಗೆ ಅದನ್ನು ತುಂಬಿಕೊಂಡು ಒಯ್ಯಲೂ ಬಹುದು.

ಇಷ್ಟೆಲ್ಲ ಇದ್ದ ಮೇಲೆ ತೊಡಕು ಎಲ್ಲಿದೆ? ತಾಂತ್ರಿಕ ವಿದ್ಯೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಪದರಗಳು ಕಾಣುತ್ತವೆ. ಮೊದಲನೆಯದು ತತ್ತ್ವ: ವಿದ್ಯುತ್ತು ಏಕೆ ಹರಿಯುತ್ತದೆ, ಮೋಟಾರು ಏಕೆ ಸುತ್ತುತ್ತದೆ ಎಂಬುದು. ಇದು ಮಾತಿನಲ್ಲಿಯೂ ಅಕ್ಷರದಲ್ಲಿಯೂ ಎಷ್ಟು ದೂರವಾದರೂ ಹೋಗಬಲ್ಲುದು. ಎರಡನೆಯದು ಕ್ರಮ: ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಆಮೇಲೆ ಜೋಡಿಸಬೇಕು ಎಂಬುದು. ಇದಕ್ಕೆ ಚಿತ್ರ ಬೇಕು. ಚಲಿಸುವ ಚಿತ್ರವಾದರೆ ಇನ್ನೂ ಲೇಸು. ಮೂರನೆಯದು ಅಭ್ಯಾಸ: ತಿರುಪನ್ನು ಎಷ್ಟು ಬಿಗಿದರೆ ಸಾಕು, ಬೆಸುಗೆಯ ಸದ್ದು ಯಾವಾಗ ಸರಿಯಾಗಿದೆ, ಯಾವ ಬಿಸಿ ಸಹಜ, ಯಾವ ಬಿಸಿ ಅಪಾಯ ಎಂಬ ಅರಿವು. ಇದು ಕೈಯಲ್ಲಿಯೂ ಕಿವಿಯಲ್ಲಿಯೂ ಮೂಗಿನಲ್ಲಿಯೂ ನೆಲೆಸಿರುವ ತಿಳಿವಳಿಕೆ. ಉಪಗ್ರಹವು ಹೊತ್ತು ತರುವುದು ಮೊದಲ ಎರಡನ್ನು ಮಾತ್ರ. ಸುರತ್ಕಲ್ಲಿನ ತಾಂತ್ರಿಕ ಸಂಸ್ಥೆಯೂ ಸೇರಿ ದೇಶದ ಹಲವು ಸಂಸ್ಥೆಗಳು ಗಣಕಯಂತ್ರದೊಳಗೇ ಪ್ರಯೋಗಶಾಲೆಗಳನ್ನು ನಿರ್ಮಿಸಿವೆ. ಅವು ಎರಡನೆಯ ಪದರವನ್ನು ಬಹಳ ಚೆನ್ನಾಗಿ ಕಲಿಸುತ್ತವೆ. ಆದರೆ ಅಲ್ಲಿ ತಪ್ಪಿದವನಿಗೆ ಷಾಕು ಹೊಡೆಯುವುದಿಲ್ಲ. ಅದೇ ಅದರ ಗುಣ, ಅದೇ ಅದರ ಕೊರತೆ.

ಈ ಮೂರನೆಯ ಪದರದ ಬೆಲೆಯನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಅದನ್ನು ಮರೆಮಾಚದೆ ಹೇಳುವುದು ಮೇಲು. 2021ರಲ್ಲಿ, ಶಾಲಾ ಕಾಲೇಜುಗಳು ಮುಚ್ಚಿದ್ದ ದಿನಗಳಲ್ಲಿ, ಪಂಪುಸೆಟ್ಟಿನ ಮೋಟಾರು ಮತ್ತು ಸ್ಟಾರ್ಟರುಗಳನ್ನು ಕುರಿತು ಆರು ವಾರಗಳ ಪಾಠಮಾಲೆಯೊಂದನ್ನು ಅಂತರಜಾಲದ ಮೂಲಕ ನಾವು ನಡೆಸಿದೆವು. ಬೇರೆ ಬೇರೆ ಹಳ್ಳಿಗಳ ಯುವಕರು ಸೇರಿದ್ದರು. ದರೋಜಿಯ ಕಡೆಯವರೂ ಕೆಲವರಿದ್ದರು. ಕೊನೆಯ ಲಿಖಿತ ಪರೀಕ್ಷೆಯಲ್ಲಿ ಎಲ್ಲರೂ ತೇರ್ಗಡೆಯಾದರು. ನಮ್ಮ ಹೆಮ್ಮೆಗೆ ಪಾರವಿರಲಿಲ್ಲ. ಸಂಚಾರ ಸುಗಮವಾದ ಮೇಲೆ, ಶಿಷ್ಯರನ್ನು ಮುಖತಃ ನೋಡೋಣವೆಂದು ಆ ಕಡೆಗೆ ಹೋದೆವು. ಹೊಲವೊಂದರಲ್ಲಿ ಮೋಟಾರು ನಿಂತುಹೋಗಿತ್ತು. ಎಲ್ಲರಿಗಿಂತ ಹೆಚ್ಚು ಅಂಕ ಪಡೆದಿದ್ದ ಯುವಕನನ್ನು ಕರೆದು, ದೋಷವೇನೆಂದು ಕಂಡುಹಿಡಿಯುವಂತೆ ಹೇಳಿದೆವು. ಅವನು ಸ್ಟಾರ್ಟರಿನ ಮುಚ್ಚಳ ತೆಗೆದು, ಓವರ್‌ಲೋಡ್ ರಿಲೇಯ ಕೆಲಸವನ್ನು ನಾವು ಹೇಳಿದ ಮಾತುಗಳಲ್ಲಿಯೇ ತಪ್ಪಿಲ್ಲದೆ ವಿವರಿಸುತ್ತ, ವಿವರಿಸುತ್ತಲೇ ಬೆರಳನ್ನು ತಂತಿಯ ಕಡೆಗೆ ನೀಡಿದನು. ಮೋಟಾರು ತಿರುಗುತ್ತಿರಲಿಲ್ಲ, ನಿಜ. ಆದರೆ ಸ್ಟಾರ್ಟರಿನವರೆಗೆ ಕರೆಂಟು ಬಂದೇ ಇತ್ತು. ಬದುವಿನ ಮೇಲೆ ಕುಳಿತಿದ್ದ ಊರಿನ ಮುದಿ ಮೇಸ್ತ್ರಿಯು ಒಂದೇ ನೆಗೆತಕ್ಕೆ ಬಂದು ಅವನ ಮಣಿಕಟ್ಟನ್ನು ಹಿಡಿದನು. “ಏ ತಮ್ಮಾ, ಮೊದ್ಲು ಫ್ಯೂಸ್ ತೆಗಿ. ಆಮ್ಯಾಲೆ ಟೆಸ್ಟರ್ ಹಚ್ಚಿ ನೋಡು. ಕೈ ಹಾಕೋದು ಎಲ್ಲಾದಕ್ಕಿಂತ ಕಡೀಗೆ,” ಎಂದನು.

ಆ ಹುಡುಗನಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಮೊದಲ ವಾರದ ಪಾಠದಲ್ಲಿಯೇ ನಾವು ಹೇಳಿದ್ದೆವು. ಪರೀಕ್ಷೆಯಲ್ಲಿ ಅವನು ಸರಿಯಾಗಿಯೇ ಬರೆದಿದ್ದನು. ತಿಳಿದುದು ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ತಪ್ಪು ಅವನದಲ್ಲ, ಕೈಯನ್ನು ಒಮ್ಮೆಯೂ ನೋಡದೆ ಅಂಕ ಕೊಟ್ಟ ನಮ್ಮದು. ಹಿಂದಿರುಗಿ ಬರುವಾಗ ದಾರಿಯುದ್ದಕ್ಕೂ ಆ ಮಣಿಕಟ್ಟೇ ಕಣ್ಣಿಗೆ ಕಟ್ಟುತ್ತಿತ್ತು. ಮೇಸ್ತ್ರಿಯು ಅಲ್ಲಿ ಇಲ್ಲದೆ ಹೋಗಿದ್ದರೆ, ನಮ್ಮ ಪ್ರಮಾಣಪತ್ರದ ಬೆಲೆ ಏನಾಗುತ್ತಿತ್ತು?

ಇದೇ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದಂತೆ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್‌ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, ಕೆಳಗೆ ಮೂರು ರಾಜ್ಯಗಳ ರೈತರ ವರ್ಷದ ಬೆಳೆ. ಆಗ ನೆನಪಾದುದು ನಿವೃತ್ತ ಇಂಜಿನಿಯರಾದ ಎನ್. ಕನ್ನಯ್ಯ ನಾಯ್ಡು ಅವರು. ಅವರ ಮಾರ್ಗದರ್ಶನದಲ್ಲಿ, ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಉಕ್ಕಿನ ತಡೆಹಲಗೆಗಳನ್ನು ತಯಾರಿಸಿ, ನೀರು ಹರಿಯುತ್ತಿರುವಂತೆಯೇ ಒಂದರ ಮೇಲೊಂದನ್ನು ಇಳಿಬಿಟ್ಟು, ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಹೊಸಪೇಟೆಯಲ್ಲಿ 1960ರಲ್ಲಿ ಸ್ಥಾಪಿತವಾದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆಯೊಂದಿತ್ತು. ಅಣೆಕಟ್ಟುಗಳ ಗೇಟುಗಳನ್ನು ತಯಾರಿಸುವುದೇ ಅದರ ಕಸಬು. ಅದನ್ನು ಮುಚ್ಚಲು ಕೇಂದ್ರ ಸಚಿವಸಂಪುಟವು 2015ರಲ್ಲಿ ಒಪ್ಪಿಗೆ ಕೊಟ್ಟಿತು. ಮುಚ್ಚಿದುದಕ್ಕೆ ಲೆಕ್ಕಪತ್ರದ ಕಾರಣಗಳಿದ್ದಿರಬಹುದು. ಆದರೆ ಕಾರ್ಖಾನೆ ಮುಚ್ಚಿದಾಗ, ಹಿರಿಯ ಕೈಗಳು ಕಿರಿಯ ಕೈಗಳಿಗೆ ಕಲಿಸುವ ಶಾಲೆಯೊಂದೂ ಮುಚ್ಚುತ್ತದೆಂಬುದು ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸುವುದಿಲ್ಲ.

ಹಾಗಾದರೆ ದೂರಶಿಕ್ಷಣವನ್ನೇ ಕೈಬಿಡಬೇಕೆಂದು ನಾವು ಹೇಳುತ್ತಿರುವೆವೆ? ಇಲ್ಲ. ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರ್ 3ರಂದು, ಅನುಮೋದನೆಯಿಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ದೂರಶಿಕ್ಷಣದಿಂದ ಕೊಟ್ಟಿದ್ದ ಇಂಜಿನಿಯರಿಂಗ್ ಪದವಿಗಳನ್ನು ತಡೆಹಿಡಿಯಿತು. ಪ್ರಯೋಗಶಾಲೆಯನ್ನು ಕಾಣದವನಿಗೆ ಇಂಜಿನಿಯರೆಂಬ ಹೆಸರು ಸಲ್ಲದೆಂಬುದು ನ್ಯಾಯವೇ. ಆದರೆ ಈ ತೀರ್ಪಿನಿಂದ ದರೋಜಿಯ ಹುಡುಗನ ಪ್ರಶ್ನೆ ಬಗೆಹರಿಯಲಿಲ್ಲ. ಪಟ್ಟಣಕ್ಕೆ ಬರಲಾರದವನು ಏನೂ ಕಲಿಯಬಾರದೆಂದು ಯಾರೂ ಹೇಳಲಾರರಷ್ಟೆ.

ನಮಗೆ ತೋರುವ ದಾರಿ ಇದು. ತತ್ತ್ವವೂ ಕ್ರಮವೂ ದೂರದಿಂದ ಬರಲಿ. ಅಭ್ಯಾಸವು ಊರಿನಲ್ಲಿಯೇ ಆಗಲಿ. ದರೋಜಿಯಂಥ ಊರಿನ ಶಾಲೆಯಲ್ಲಿಯೋ ಪಂಚಾಯಿತಿಯ ಮನೆಯಲ್ಲಿಯೋ ಒಂದು ಕೋಣೆ. ಅದರಲ್ಲಿ ಹಳೆಯದಾದರೂ ನಿಜವಾದ ಒಂದು ಮೋಟಾರು, ಒಂದು ಸ್ಟಾರ್ಟರು, ಬೇಕಾದ ಹತಾರುಗಳು. ಪಾಠಗಳನ್ನು ತುಂಬಿಟ್ಟ ಒಂದು ಗಣಕಯಂತ್ರ, ಏಕೆಂದರೆ ಅಂತರಜಾಲವು ಬಂಡೆಗುಡ್ಡಗಳ ನಡುವೆ ಕಣ್ಣುಮುಚ್ಚಾಲೆ ಆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಊರಿನ ಒಬ್ಬ ಮೇಸ್ತ್ರಿ. ಅವನಿಗೆ ಪದವಿ ಇರಲಾರದು. ಗೌರವವೂ ಸಂಬಳವೂ ಇರಬೇಕು. ನಮ್ಮ ಹುಡುಗನ ಮಣಿಕಟ್ಟನ್ನು ಹಿಡಿದವನು ಅವನೇ. ಪುಣೆಯ ಗೋಷ್ಠಿಗಳು ಕಲಿಸಿದ ಪಾಠವೂ ಇದೇ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದಲ್ಲಿ ದೂರದರ್ಶನದ ‘ಸಂವೇದ’ ಪಾಠಗಳ ಜೊತೆಗೆ, ಉಪಾಧ್ಯಾಯರೇ ಮಕ್ಕಳಿದ್ದ ಕೇರಿಗಳಿಗೆ ಹೋಗುವ ‘ವಿದ್ಯಾಗಮ’ವನ್ನೂ ನಡೆಸಬೇಕಾಗಿ ಬಂದುದು ಇದೇ ಕಾರಣದಿಂದ. ರೋಗದ ಭೀತಿಯಿಂದ ಅದು ಅಕ್ಟೋಬರಿನಲ್ಲಿ ನಿಂತಿತು. ಅದರ ಹಿಂದಿನ ವಿವೇಕ ನಿಲ್ಲಬೇಕಾದುದಿಲ್ಲ.

ಇದಕ್ಕೆ ಇನ್ನೆರಡು ನಿಬಂಧನೆಗಳನ್ನು ಸೇರಿಸುತ್ತೇವೆ. ಪ್ರಶ್ನೆಯು ಹಿಂದಿರುಗಿ ಬರುವ ದಾರಿ ಇರಬೇಕು. ಶಿಷ್ಯನ ಸಂದೇಹ ಗುರುವಿಗೆ ಮುಟ್ಟದಿದ್ದರೆ ಅದು ಬರಿಯ ಪ್ರಸಾರವಾದೀತು, ಪಾಠವಾಗದು. ಎರಡನೆಯದಾಗಿ, ಪರೀಕ್ಷೆಯು ಕೈಯದಾಗಿರಬೇಕು. ವರ್ಷಕ್ಕೆ ಕೆಲವು ದಿನ ಶಿಷ್ಯರು ಕಾಲೇಜಿನ ಕಾರ್ಯಾಗಾರಕ್ಕೆ ಬರಲಿ, ಅಥವಾ ಪರೀಕ್ಷಕರು ಊರಿಗೆ ಹೋಗಲಿ. ಮಾಡಿ ತೋರಿಸಿದವನಿಗೆ ಮಾತ್ರ ಪ್ರಮಾಣಪತ್ರ ಸಿಕ್ಕಲಿ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು ತನ್ನ ಆರಂಭದ ವರ್ಷಗಳಲ್ಲಿ ಪ್ರಯೋಗದ ಸಾಮಗ್ರಿಗಳನ್ನೇ ಪೆಟ್ಟಿಗೆಯಲ್ಲಿಟ್ಟು ವಿದ್ಯಾರ್ಥಿಗಳ ಮನೆಗೆ ಕಳುಹಿಸುತ್ತಿತ್ತು. ಪ್ರಯೋಗಶಾಲೆಯನ್ನು ಊರಿಗೆ ಒಯ್ಯುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯನ್ನು ಅನೇಕರು ನೋಡಿದ್ದೀರಿ. 2023ರಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಭೆ ಕೂಡಿದಾಗ, ಆ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಆ ಹೊಲಿಗೆಯನ್ನು ಅವರಿಗೆ ಕಲಿಸಿದ ಕಾಲೇಜು ಯಾವುದು? ತಾಯಿಯ ಮಗ್ಗುಲು. ಈರಮ್ಮನವರ ಕಾವ್ಯವೂ ಹಾಗೆಯೇ ಬಂದಿತು. ಈ ಸೀಮೆಯವರಿಗೆ ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆ ಹೊಸತಲ್ಲ. ಅವರಿಗೆ ಇಲ್ಲದಿರುವುದು ಹೊಸ ಯಂತ್ರಗಳ ತತ್ತ್ವ. ಪಟ್ಟಣದವರಾದ ನಮ್ಮಲ್ಲಿ ತತ್ತ್ವವಿದೆ. ಪಕ್ಕದಲ್ಲಿ ಕುಳಿತುಕೊಳ್ಳುವ ವ್ಯವಧಾನ ಕಡಿಮೆ. ಎರಡನ್ನೂ ಕೂಡಿಸುವುದಕ್ಕೆ ಉಪಗ್ರಹವೇ ಬೇಕೆಂದಿಲ್ಲ. ಆ ಮೇಸ್ತ್ರಿಯನ್ನು ನಾವು ಮರುವರ್ಷದ ಪಾಠಮಾಲೆಗೆ ಸಹಾಧ್ಯಾಪಕನನ್ನಾಗಿ ಕರೆದೆವು. ಅವನು ಬಂದನು, ತನ್ನ ಪಾಠವನ್ನು ಫ್ಯೂಸು ತೆಗೆಯುವುದರಿಂದ ಆರಂಭಿಸಿದನು.